ಮನೆಯ ಕಂಪ್ಯೂಟರಿಗೆ ಎಷ್ಟು ಕಾವಲು ಬೇಕು?

ಕಳೆದ ಬೇಸಿಗೆಯಲ್ಲಿ ಸಾಗರದ ಸೋದರಮಾವನ ಮನೆಗೆ ಹೋಗಿದ್ದಾಗ ಅವರ ಲ್ಯಾಪ್‌ಟಾಪ್ ನನ್ನ ಮುಂದೆ ಬಂತು. ಮಾವ ನಿವೃತ್ತ ಶಿಕ್ಷಕರು. ಪಿಂಚಣಿಯ ಲೆಕ್ಕ ನೋಡಲು, ಅಡಿಕೆ ಧಾರಣೆ ತಿಳಿಯಲು, ಮೊಮ್ಮಗಳೊಡನೆ ವಿಡಿಯೊದಲ್ಲಿ ಮಾತನಾಡಲು ಅದನ್ನು ಬಳಸುತ್ತಾರೆ. “ಆನ್ ಮಾಡಿ ಕಾಫಿ ಕುಡಿದು ಬಂದರೂ ಇದು ಏಳುವುದಿಲ್ಲ. ವೈರಸ್ ಬಂದಿದೆ ಎಂದು ಮೂಲೆಯಲ್ಲಿ ಬೇರೆ ಹೇಳುತ್ತಲೇ ಇರುತ್ತದೆ, ನೋಡು” ಎಂದರು.

ನೋಡಿದೆ. ಲ್ಯಾಪ್‌ಟಾಪ್ ಕೊಂಡಾಗಲೇ ಒಳಗಿದ್ದ ಒಂದು ಆ್ಯಂಟಿವೈರಸ್ ಅವಧಿ ಮುಗಿದು ಕುಳಿತಿತ್ತು. ರಿಪೇರಿ ಅಂಗಡಿಯವರು ಹಣ ಪಡೆದು ಹಾಕಿಕೊಟ್ಟದ್ದು ಇನ್ನೊಂದು. ವೇಗ ಹೆಚ್ಚಿಸುತ್ತೇನೆಂದು ಭರವಸೆ ಕೊಟ್ಟು ಎಲ್ಲಿಂದಲೋ ಬಂದು ಸೇರಿದ್ದು ಮೂರನೆಯದು. ಇಷ್ಟು ಕಾವಲುಗಾರರಿದ್ದರೂ ವಿಂಡೋಸ್ ಅಪ್‌ಡೇಟ್ ಆಗಿ ಒಂಬತ್ತು ತಿಂಗಳಾಗಿತ್ತು. ಮೂಲೆಯಲ್ಲಿ ಬರುತ್ತಿದ್ದ ವೈರಸ್ ಎಚ್ಚರಿಕೆಯಂತೂ ಇವುಗಳಲ್ಲಿ ಯಾವುದರದೂ ಅಲ್ಲ. ಯಾವುದೋ ಜಾಲತಾಣ ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳಿದಾಗ ಮಾವ ಒಮ್ಮೆ ಒಪ್ಪಿಗೆ ಒತ್ತಿದ್ದರು. ಆ ತಾಣ ಅಂದಿನಿಂದ ಬ್ರೌಸರಿನ ಮೂಲಕ ಸುಳ್ಳು ಎಚ್ಚರಿಕೆಗಳನ್ನು ಕಳಿಸುತ್ತಿತ್ತು. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಅನುಮತಿಯನ್ನು ತೆಗೆದೆ, ಅರ್ಧ ನಿಮಿಷದಲ್ಲಿ ‘ವೈರಸ್’ ಮಾಯವಾಯಿತು.

ನೆಂಟರಿಷ್ಟರ ಮನೆಗಳಲ್ಲಿ ನಾನು ನೋಡುತ್ತಿರುವುದು ಇದನ್ನೇ. ಹಣವೂ ಆತಂಕವೂ ಆ್ಯಂಟಿವೈರಸ್ ಮೇಲೆ ಸುರಿಯುತ್ತವೆ, ಬ್ರೌಸರನ್ನು ಯಾರೂ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಕ್ರಮ ತಿರುಗಬೇಕು: ಮೊದಲು ಅಪ್‌ಡೇಟ್ ಮತ್ತು ಬ್ರೌಸರ್, ಆಮೇಲೆ ಉಳಿದದ್ದು. ಏಕೆಂದು ತಿಳಿಯಬೇಕಾದರೆ ಹೊರಗಿನ ಸಂಪರ್ಕಗಳನ್ನು ತಡೆದು ನಿಲ್ಲಿಸುವ ಫೈರ್‌ವಾಲ್, ಆ್ಯಂಟಿವೈರಸ್, ಬ್ರೌಸರ್ ಎಂಬ ಮೂರು ಕಾವಲುಗಳು ಯಾವ ಕಾಲದ ಯಾವ ಅಪಾಯಕ್ಕೆ ಹುಟ್ಟಿಕೊಂಡವು ಎಂಬುದನ್ನು ಸ್ವಲ್ಪ ನೋಡಬೇಕು.

ಕರೆಯದೆ ಬರುವವರು

ಇಂಟರ್‌ನೆಟ್‌ಗೆ ಸೇರಿದ ಪ್ರತಿ ಕಂಪ್ಯೂಟರಿನಲ್ಲೂ ಪೋರ್ಟ್ ಎಂಬ ಬಾಗಿಲುಗಳಿರುತ್ತವೆ. ಅವು ಕಣ್ಣಿಗೆ ಕಾಣುವ ರಂಧ್ರಗಳಲ್ಲ, 1ರಿಂದ 65,535ರವರೆಗಿನ ಸಂಖ್ಯೆಗಳು. ಯಾವ ಸಂಖ್ಯೆಯ ಹಿಂದೆ ಯಾವುದಾದರೂ ಪ್ರೋಗ್ರಾಂ ಕಿವಿಗೊಟ್ಟು ಕುಳಿತಿದೆಯೋ ಆ ಬಾಗಿಲು ತೆರೆದಿದೆ ಎಂದರ್ಥ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ಕುತಂತ್ರಾಂಶ, ವಿಂಡೋಸ್ ಎಕ್ಸ್‌ಪಿ ಯಂತ್ರಗಳಿಗೆ 135ನೇ ಪೋರ್ಟಿನಿಂದ ನುಗ್ಗಿತು. ಬಳಕೆದಾರ ಏನನ್ನೂ ಒತ್ತಬೇಕಿರಲಿಲ್ಲ. ಇಂಟರ್‌ನೆಟ್ ಸಂಪರ್ಕ ಸಿಕ್ಕ ಸ್ವಲ್ಪ ಹೊತ್ತಿಗೆ ‘60 ಸೆಕೆಂಡಿನಲ್ಲಿ ಕಂಪ್ಯೂಟರ್ ನಿಲ್ಲುತ್ತದೆ’ ಎಂಬ ಎಣಿಕೆ ತೆರೆಯ ಮೇಲೆ ಶುರುವಾಗುತ್ತಿತ್ತು. ಅದು ನುಗ್ಗಲು ಬಳಸಿಕೊಂಡ ವಿಂಡೋಸಿನ ಬಿರುಕನ್ನು ಮುಚ್ಚುವ ಅಪ್‌ಡೇಟ್ ಜುಲೈನಲ್ಲೇ ಬಂದಿತ್ತು, ಹಾಕಿಕೊಂಡವರು ಕಡಿಮೆ. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಕೂಡ ಇತ್ತು, ಆದರೆ ಅದನ್ನು ನಾವೇ ಹುಡುಕಿ ಆನ್ ಮಾಡಬೇಕಿತ್ತು. ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕ್ ಎಂಬ ದೊಡ್ಡ ಅಪ್‌ಡೇಟ್ ಅದನ್ನು ತಾನಾಗಿಯೇ ಆನ್ ಇರುವಂತೆ ಮಾಡಿತು.

ಇಂದು ವಿಂಡೋಸಿನ ಫೈರ್‌ವಾಲ್ ಸಾಮಾನ್ಯವಾಗಿ ನಾವು ಕರೆಯದ ಯಾವ ಸಂಪರ್ಕವನ್ನೂ ಒಳಗೆ ಬಿಡುವುದಿಲ್ಲ, ನಾವು ಕೇಳಿದ್ದಕ್ಕೆ ಬರುವ ಉತ್ತರವನ್ನು ಮಾತ್ರ ಬಿಡುತ್ತದೆ. ಅದಕ್ಕೂ ಹೊರಗೆ, ಫೈಬರ್ ಸಂಪರ್ಕ ಕೊಡುವವರು ಗೋಡೆಗೆ ಹೊಡೆದು ಹೋದ ರೂಟರ್ ಪೆಟ್ಟಿಗೆಯೂ ಇದೇ ಕೆಲಸವನ್ನು ಇನ್ನೊಂದು ಸುತ್ತು ಮಾಡುತ್ತದೆ. ಆದ್ದರಿಂದ ಮನೆಯ ಕಂಪ್ಯೂಟರಿಗೆ ಬೇರೆ ಫೈರ್‌ವಾಲ್ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಬೇರೆ ಫೈರ್‌ವಾಲ್‌ಗಳು ಮುಖ್ಯವಾಗಿ ಹೇಳಿಕೊಳ್ಳುವುದು ಹೊರಹೋಗುವ ಸಂಪರ್ಕವನ್ನೂ ಕೇಳಿ ಬಿಡುತ್ತೇವೆ ಎಂದು. ಅದು ಸುಳ್ಳಲ್ಲ. ಆದರೆ ‘ಎಸ್‌ವಿಸಿಹೋಸ್ಟ್ ಹೊರಗೆ ಹೋಗಬಹುದೇ?’ ಎಂದು ವಿಂಡೋಸಿನದೇ ಒಂದು ಪ್ರೋಗ್ರಾಂ ಬಗ್ಗೆ ದಿನಕ್ಕೆ ಇಪ್ಪತ್ತು ಸಲ ಕೇಳಿದರೆ ಯಾರಾದರೂ ಬೇಸತ್ತು ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಹೂಂ ಎಂಬುದು ಅಭ್ಯಾಸವಾದ ಮೇಲೆ ಪ್ರಶ್ನೆ ಇದ್ದೂ ಇಲ್ಲದಂತೆ.

ನಾವು ಮಾಡಬೇಕಾದದ್ದು ಇಷ್ಟೇ. ಇರುವ ಫೈರ್‌ವಾಲನ್ನು ಆಫ್ ಮಾಡಬಾರದು. ಹೋಟೆಲ್, ಗ್ರಂಥಾಲಯ, ಬಸ್ ನಿಲ್ದಾಣದ ವೈಫೈಗೆ ಸೇರಿದಾಗ ಅದನ್ನು ‘ಪಬ್ಲಿಕ್’ ಎಂದೇ ಗುರುತಿಸಬೇಕು. ರೂಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡನ್ನು, ಅಂದರೆ ಪೆಟ್ಟಿಗೆಯ ಅಡಿಯಲ್ಲಿ ಅಚ್ಚಾಗಿರುವುದನ್ನು, ಒಮ್ಮೆ ಬದಲಿಸಿ ಪುಸ್ತಕದಲ್ಲಿ ಬರೆದಿಡಬೇಕು.

ಆ್ಯಂಟಿವೈರಸ್ ಏನನ್ನು ಬಲ್ಲದು

ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆ ಅಚ್ಚು ಹಾಕಿಸಲು ಹೋಗಿ ಪೆನ್‌ಡ್ರೈವ್ ತುಂಬ ವೈರಸ್ ತಂದವರು ನಮ್ಮಲ್ಲಿ ಬಹಳ ಮಂದಿ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತಿದ್ದವು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರಲ್ಲಿರುವ ಪ್ರೋಗ್ರಾಂ ಓಡುವಂತೆ ಮಾಡುವ ಆಟೊರನ್ ಎಂಬ ಸೌಲಭ್ಯ ಈ ಹರಡುವಿಕೆಗೆ ನೀರೆರೆದಿತ್ತು. 2008ರ ಕೊನೆಗೆ ಬಂದ ಕಾನ್‌ಫಿಕರ್ ಎಂಬ ಹುಳು ಅದೇ ದಾರಿಯನ್ನೂ ಬಳಸಿಕೊಂಡಿತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವಿನ ಆಟೊರನ್ ನಿಲ್ಲಿಸಿತು. ಆ ವರ್ಷಗಳಲ್ಲಿ ವಿಂಡೋಸಿನ ಒಳಗೆ ಪೂರ್ಣ ಪ್ರಮಾಣದ ಆ್ಯಂಟಿವೈರಸ್ ಇರಲಿಲ್ಲ, ಹಾಗಾಗಿ ಹೊರಗಿನಿಂದ ಹಾಕಿಸಿಕೊಳ್ಳಲೇಬೇಕಿತ್ತು. ‘ಹೊಸ ಕಂಪ್ಯೂಟರ್ ಎಂದರೆ ಮೊದಲು ಆ್ಯಂಟಿವೈರಸ್’ ಎಂಬ ಮಾತು ಆ ಕಾಲದಲ್ಲಿ ಸರಿಯಾಗಿತ್ತು. ಕಾಲ ಬದಲಾದರೂ ಮಾತು ಉಳಿದುಕೊಂಡಿದೆ.

ಆ್ಯಂಟಿವೈರಸ್ ಮೂರು ಬಗೆಯಲ್ಲಿ ಕೆಲಸ ಮಾಡುತ್ತದೆ. ಠಾಣೆಯ ಗೋಡೆಗೆ ಹಳೆಯ ಕಳ್ಳರ ಭಾವಚಿತ್ರ ಅಂಟಿಸುವಂತೆ, ಗೊತ್ತಿರುವ ಕುತಂತ್ರಾಂಶಗಳ ಗುರುತುಗಳನ್ನು ಪಟ್ಟಿ ಮಾಡಿಕೊಂಡು ಪ್ರತಿ ಕಡತವನ್ನೂ ಅದಕ್ಕೆ ಹೋಲಿಸುವುದು ಮೊದಲನೆಯದು. ಕಳ್ಳ ಮೀಸೆ ಬೋಳಿಸಿಕೊಂಡರೆ, ಅಂದರೆ ಕಡತವನ್ನು ಅಲ್ಪಸ್ವಲ್ಪ ತಿದ್ದಿದರೆ, ಇದು ಸೋಲುತ್ತದೆ. ಎರಡನೆಯದು ನಡವಳಿಕೆ ನೋಡುವುದು. ಯಾವುದೋ ಪ್ರೋಗ್ರಾಂ ನಿಮ್ಮ ಫೋಟೊಗಳನ್ನು ಒಂದರ ಹಿಂದೆ ಒಂದು ತೆರೆದು ಗೂಢಲಿಪಿಗೆ ತಿರುಗಿಸುತ್ತಿದ್ದರೆ ಅದರ ಹೆಸರು ಏನೇ ಇರಲಿ, ತಡೆಯಬೇಕು. ಮೂರನೆಯದು, ಎಂದೂ ಕಾಣದ ಕಡತ ಎದುರಾದಾಗ ಕಂಪನಿಯ ಸರ್ವರನ್ನು ಕೇಳಿ ನಿರ್ಧರಿಸುವುದು.

ನಡವಳಿಕೆ ನೋಡುವುದರಲ್ಲಿ ಒಂದು ಇಕ್ಕಟ್ಟಿದೆ, ಕನ್ನಡ ಬರೆಯುವವರಿಗೆ ಅದು ಹತ್ತಿರದ್ದು. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತುವ ಪ್ರತಿ ಕೀಲಿಯನ್ನು ನಡುದಾರಿಯಲ್ಲೇ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹಿಡಿಯುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಕೆಲಸ. ಉದ್ದೇಶ ಯಾವುದೆಂದು ತಂತ್ರಾಂಶಕ್ಕೆ ಕಾಣುವುದಿಲ್ಲ. ಒಂದು ಪ್ರೋಗ್ರಾಂ ವೈರಸ್ಸೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ತಪ್ಪದೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದ ಮೂಲಕ ತೋರಿಸಿಕೊಟ್ಟರು. ಶೇಕಡಾ ನೂರು ರಕ್ಷಣೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದನ್ನು ನಂಬಬೇಕಿಲ್ಲ. ಟೈಪಿಂಗ್ ತಂತ್ರಾಂಶವನ್ನು ಅದನ್ನು ರೂಪಿಸಿದವರ ತಾಣದಿಂದಲೇ ಇಳಿಸಿಕೊಳ್ಳಬೇಕು ಎಂದು ನಾನು ಹೇಳುವುದೂ ಇದಕ್ಕೇ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿ ಬಂದ ಪ್ರತಿಯ ಒಳಗೆ ಏನು ಸೇರಿಕೊಂಡಿದೆಯೋ ಹೇಳಲಾಗದು.

ಇನ್ನು ಆಯ್ಕೆ. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಆ್ಯಂಟಿವೈರಸ್ ವಿಂಡೋಸಿನ ಒಳಗೇ ಬರುತ್ತದೆ. ಆರಂಭದ ವರ್ಷಗಳಲ್ಲಿ ಅದು ಸಪ್ಪೆಯಾಗಿತ್ತು. ಈಗ ಜರ್ಮನಿಯ ಎವಿ–ಟೆಸ್ಟ್, ಆಸ್ಟ್ರಿಯಾದ ಎವಿ–ಕಂಪ್ಯಾರೆಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತದೆ. ಮನೆಯ ಬಳಕೆಗೆ ಅಷ್ಟು ಸಾಕು ಎಂಬುದು ನನ್ನ ತೀರ್ಮಾನ. ಎರಡು ಆ್ಯಂಟಿವೈರಸ್ ಇದ್ದರೆ ಎರಡು ಪಟ್ಟು ರಕ್ಷಣೆ ಎಂಬ ನಂಬಿಕೆಯನ್ನು ಮಾತ್ರ ದಯವಿಟ್ಟು ಬಿಡಿ. ಒಂದೇ ಕಡತ ತೆರೆಯುವಾಗ ಇಬ್ಬರು ಕಾವಲುಗಾರರು ಅದನ್ನು ಹಿಡಿದೆಳೆದರೆ ಯಂತ್ರ ತೆವಳುತ್ತದೆ. ಮಾವನ ಕಾಫಿ ಆರಿಹೋಗುತ್ತಿದ್ದುದು ಅದಕ್ಕೇ.

ಹಣ ಕೊಟ್ಟು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. ಫೋನಿನಲ್ಲಿ ಕೇಳಿ ತಿಳಿಯುವ ಅನುಕೂಲ ಬೇಕೆನ್ನುವವರಿಗೆ ಅಂಥವು ಒಪ್ಪಬಹುದು. ಆದರೆ ಕೊಳ್ಳುವ ಮುನ್ನ ಒಂದು ಸಂಗತಿ ಮನಸ್ಸಿನಲ್ಲಿರಲಿ. ಆ್ಯಂಟಿವೈರಸ್ ನಮ್ಮ ಯಂತ್ರದ ಅತಿ ಆಳದ ಅಧಿಕಾರವನ್ನು ಪಡೆಯುವ ತಂತ್ರಾಂಶ. ಪ್ರತಿ ಕಡತ, ಹಲವೊಮ್ಮೆ ನಾವು ನೋಡುವ ಪ್ರತಿ ವಿಳಾಸವೂ ಅದಕ್ಕೆ ಕಾಣುತ್ತದೆ. ಆ ಅಧಿಕಾರದಲ್ಲಿ ಒಂದು ಸಣ್ಣ ತಪ್ಪಾದರೂ ಏನಾಗುತ್ತದೆಂದು 2024ರ ಜುಲೈ 19ರಂದು ಜಗತ್ತು ಕಂಡಿತು. ಕಂಪನಿಗಳು ಬಳಸುವ ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅದು ತಪ್ಪಿನಿಂದ ಆದದ್ದು. ಅವಾಸ್ಟ್‌ನದು ಹಾಗಲ್ಲ. ಉಚಿತ ಆ್ಯಂಟಿವೈರಸ್ ಎಂದು ಕೋಟ್ಯಂತರ ಜನ ನೆಚ್ಚಿಕೊಂಡಿದ್ದ ಅದು, ಬಳಕೆದಾರರು ಯಾವ ಯಾವ ತಾಣಗಳಿಗೆ ಹೋಗುತ್ತಾರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ವಿಷಯ ಬಯಲಾದ ಮೇಲೆ ಆ ಸಂಸ್ಥೆಯನ್ನು ಮುಚ್ಚಲಾಯಿತು. 2024ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಅಂಗಡಿಯಲ್ಲಿ ಬೇರೆ ಬೇರೆಯಾಗಿ ಕಾಣುವ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ ಎಂಬುದೂ ತಿಳಿದಿರಲಿ.

ಒಂದು ಕಡೆ ಮಾತ್ರ ಯಾವ ಆ್ಯಂಟಿವೈರಸ್ಸೂ ಕೈಚೆಲ್ಲುತ್ತದೆ: ನಾವೇ ಅದನ್ನು ಆಫ್ ಮಾಡಿದಾಗ. ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಓಡುವಂತೆ ತಿದ್ದಿದ ಫೋಟೊಶಾಪ್, ಆಫೀಸ್, ಆಟಗಳ ಜೊತೆ ‘ಹಾಕುವ ಮುನ್ನ ಆ್ಯಂಟಿವೈರಸ್ ನಿಲ್ಲಿಸಿ’ ಎಂಬ ಸೂಚನೆ ಬರುತ್ತದಲ್ಲ, ಅಲ್ಲಿಗೆ ಮಾತು ಮುಗಿಯಿತು. ಅಗ್ಗದಲ್ಲಿ ವಿಂಡೋಸ್ ಹಾಕಿಸಿಕೊಂಡವರು ಮನೆಗೆ ಬಂದ ಕೂಡಲೇ ಡಿಫೆಂಡರ್ ಆನ್ ಇದೆಯೇ ಎಂದು ನೋಡಿಕೊಳ್ಳಬೇಕು. ನಕಲಿ ಪ್ರತಿಯನ್ನು ಓಡಿಸಲು ಅದನ್ನು ಕಟ್ಟಿಹಾಕಿರುವುದನ್ನು ನಾನು ಒಂದಲ್ಲ, ಹಲವು ಯಂತ್ರಗಳಲ್ಲಿ ಕಂಡಿದ್ದೇನೆ.

ದಿಡ್ಡಿ ಬಾಗಿಲು

ಕೋಟೆಯ ಹೆಬ್ಬಾಗಿಲಿಗೆ ಅಗುಳಿ ಹಾಕಿ ದಿಡ್ಡಿ ಬಾಗಿಲನ್ನು ತೆರೆದಿಡುವುದೆಂದರೆ ಬ್ರೌಸರನ್ನು ಮರೆಯುವುದು. ನಮ್ಮ ಬ್ಯಾಂಕ್, ಇಮೇಲ್, ಫೋಟೊ, ತೆರಿಗೆ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಇಂದು ಬ್ರೌಸರಿನ ಕಿಟಕಿಯಲ್ಲೇ ನಡೆಯುತ್ತವೆ. ಫೈರ್‌ವಾಲ್ ಇಲ್ಲಿ ಅಡ್ಡ ಬರುವುದಿಲ್ಲ, ಏಕೆಂದರೆ ಹೊರಗೆ ಹೋಗಿ ಕರೆದು ತಂದವರು ನಾವೇ.

ಬ್ರೌಸರಿನ ನಿಜವಾದ ಬಲ ಅದರ ಒಳಗಿನ ಗೋಡೆಗಳಲ್ಲಿದೆ. 2008ರಲ್ಲಿ ಬಂದ ಕ್ರೋಮ್ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಓಡಿಸಿ, ಪ್ರತಿಯೊಂದನ್ನೂ ಸ್ಯಾಂಡ್‌ಬಾಕ್ಸ್ ಎಂಬ ಕಟ್ಟುಪಾಡಿನೊಳಗೆ ಇರಿಸಿತು. ಆ ಪೆಟ್ಟಿಗೆಯೊಳಗೆ ಓಡುವ ಪುಟ ನಿಮ್ಮ ಕಡತಗಳನ್ನು ನೇರವಾಗಿ ಮುಟ್ಟಲಾಗದು. ಮೈಸೂರು ಪಾಕ್ ಮಾಡುವುದನ್ನು ಕಲಿಸುವ ತಾಣ ಮತ್ತು ನಿಮ್ಮ ಬ್ಯಾಂಕಿನ ತಾಣ ಪಕ್ಕಪಕ್ಕದ ಟ್ಯಾಬಿನಲ್ಲಿದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸಬಾರದು. ಫೈರ್‌ಫಾಕ್ಸ್ ಕೂಡ ಮುಂದೆ ಇದೇ ದಾರಿ ಹಿಡಿಯಿತು. ಎಡ್ಜ್ 2020ರಿಂದ ಕ್ರೋಮಿನ ಮೂಲವಾದ ಕ್ರೋಮಿಯಂ ಮೇಲೆಯೇ ನಿಂತಿದೆ. ಹಾಗಾಗಿ ಗೋಡೆಯ ಗಟ್ಟಿತನದ ಮಟ್ಟಿಗೆ ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಮನೆಗೆ ತೊಂದರೆಯಿಲ್ಲ. ಆದರೆ ಬಿರುಕುಗಳು ಸಿಗುತ್ತಲೇ ಇರುತ್ತವೆ, ಅವನ್ನು ಮುಚ್ಚುವ ಅಪ್‌ಡೇಟ್‌ಗಳೂ ಬರುತ್ತಲೇ ಇರುತ್ತವೆ. ಬ್ರೌಸರನ್ನು ಮುಚ್ಚಿ ತೆರೆದಾಗ ಮಾತ್ರ ಅವು ಜಾರಿಗೆ ಬರುತ್ತವೆ. ನಲವತ್ತು ಟ್ಯಾಬ್ ತೆರೆದಿಟ್ಟು ತಿಂಗಳುಗಟ್ಟಲೆ ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸುವವರು ಹಳೆಯ ಬಿರುಕಿನೊಂದಿಗೇ ಬದುಕುತ್ತಿರುತ್ತಾರೆ.

ಗೋಡೆ ಗಟ್ಟಿಯಾದಷ್ಟೂ ಮೋಸಗಾರರು ಗೋಡೆಯನ್ನು ಬಿಟ್ಟು ಮನೆಯವರನ್ನೇ ಮಾತಿಗೆಳೆಯುತ್ತಾರೆ. ಈಚಿನ ಒಂದು ತಂತ್ರ ಹೀಗಿದೆ. ‘ನೀವು ಮನುಷ್ಯರೆಂದು ದೃಢಪಡಿಸಿ’ ಎಂಬ ಪುಟ ಬರುತ್ತದೆ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಪುಟ ನಿಮಗೆ ತಿಳಿಯದಂತೆ ಒಂದು ಆಜ್ಞೆಯನ್ನು ಕ್ಲಿಪ್‌ಬೋರ್ಡಿನಲ್ಲಿ, ಅಂದರೆ ಕಾಪಿ ಮಾಡಿದ್ದು ಉಳಿಯುವ ಜಾಗದಲ್ಲಿ, ಇಟ್ಟಿರುತ್ತದೆ. ಆ ಮೂರು ಒತ್ತುಗಳಿಂದ ಅದನ್ನು ನಿಮ್ಮ ಕೈಯಾರೆ ಓಡಿಸಿದಂತಾಗುತ್ತದೆ. ಸ್ಯಾಂಡ್‌ಬಾಕ್ಸ್ ಇಲ್ಲಿ ಏನೂ ಮಾಡಲಾರದು, ಆಜ್ಞೆ ಕೊಟ್ಟವರು ನೀವು. ಹೀಗೆ ಒಳಬರುವ ಕುತಂತ್ರಾಂಶ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಜೊತೆಗೆ ಕುಕಿಗಳನ್ನೂ ಕದಿಯುತ್ತದೆ. ವಸ್ತುಪ್ರದರ್ಶನದಲ್ಲಿ ಒಮ್ಮೆ ಟಿಕೆಟ್ ತೋರಿಸಿದ ಮೇಲೆ ಕೈಗೆ ಮುದ್ರೆ ಒತ್ತಿಬಿಟ್ಟರೆ ಮತ್ತೆ ಒಳಬರಲು ಮುದ್ರೆ ಸಾಕಲ್ಲವೇ, ಕುಕಿ ಅಂಥದು. ಅದು ಕಳ್ಳನ ಕೈಗೆ ಸಿಕ್ಕರೆ ಪಾಸ್‌ವರ್ಡೂ ಒಟಿಪಿಯೂ ಕೇಳದೆ ಅವನು ನಿಮ್ಮ ಇಮೇಲ್ ಒಳಗೆ ಕುಳಿತಿರುತ್ತಾನೆ. ಯಾವ ಜಾಲತಾಣ ಹೇಳಿದರೂ ವಿಂಡೋಸ್ ಜೊತೆ ಆರ್ ಒತ್ತಬೇಡಿ ಎಂದು ಮನೆಯ ಎಲ್ಲರಿಗೂ ಹೇಳಿ.

ಎಕ್ಸ್‌ಟೆನ್ಶನ್‌ಗಳ ವಿಷಯದಲ್ಲಿ ನಾನು ಜಿಪುಣ. ಬ್ರೌಸರಿಗೆ ಅಂಟಿಕೊಳ್ಳುವ ಈ ಪುಟ್ಟ ತಂತ್ರಾಂಶಗಳಲ್ಲಿ ಅನೇಕವು ‘ನೀವು ನೋಡುವ ಎಲ್ಲ ತಾಣಗಳ ಮಾಹಿತಿಯನ್ನು ಓದುವ, ಬದಲಿಸುವ’ ಅನುಮತಿ ಕೇಳುತ್ತವೆ. ಎಲ್ಲ ತಾಣಗಳೆಂದರೆ ಬ್ಯಾಂಕೂ ಸೇರಿತು. ಟ್ಯಾಬ್‌ಗಳನ್ನು ನಿದ್ರೆಗೆ ಕಳಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್‌ಗೆ 20 ಲಕ್ಷದಷ್ಟು ಬಳಕೆದಾರರಿದ್ದರು. ಮೂಲ ಲೇಖಕರು ಅದನ್ನು 2020ರಲ್ಲಿ ಬೇರೆಯವರಿಗೆ ಮಾರಿದರು. ಹೊಸಬರ ಕೈಯಲ್ಲಿ ಅದು ಕೆಟ್ಟು, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕುತಂತ್ರಾಂಶವೆಂದು ತೆಗೆದುಹಾಕಿತು. ಹಾಕಿಕೊಂಡಾಗ ಒಳ್ಳೆಯದಾಗಿದ್ದದ್ದು ಮುಂದೆಯೂ ಹಾಗೆಯೇ ಇರುತ್ತದೆಂಬ ಖಾತ್ರಿ ಇಲ್ಲ.

ಒಂದೇ ಒಂದು ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ ಎಂದರೆ ರೇಮಂಡ್ ಹಿಲ್ ರೂಪಿಸಿರುವ ಯುಬ್ಲಾಕ್ ಆರಿಜಿನ್ ಎನ್ನುತ್ತೇನೆ. ಅದು ಜಾಹೀರಾತುಗಳನ್ನು ತಡೆಯುವುದು ಕಿರಿಕಿರಿ ತಪ್ಪಿಸಲಷ್ಟೇ ಅಲ್ಲ. ‘ಡೌನ್‌ಲೋಡ್’ ಎಂದು ಬರೆದ ಹುಸಿ ಗುಂಡಿಗಳು, ಹುಡುಕಾಟದ ಫಲಿತಾಂಶದ ನೆತ್ತಿಯ ಮೇಲೆ ಹಣ ಕೊಟ್ಟು ಕುಳಿತ ನಕಲಿ ಕಸ್ಟಮರ್ ಕೇರ್ ತಾಣಗಳು, ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಅರಚುವ ಪುಟಗಳು, ಇವು ಬಹುಪಾಲು ಜಾಹೀರಾತಿನ ದಾರಿಯಿಂದಲೇ ಬರುತ್ತವೆ. ಆದರೆ ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮಗಳನ್ನು ಬದಲಿಸಿ 2024ರಿಂದ ಹಂತಹಂತವಾಗಿ ಇದರ ಪೂರ್ಣ ರೂಪವನ್ನು ಹೊರಗಿಟ್ಟಿತು. ಅಲ್ಲಿ ಉಳಿದಿರುವುದು ಲೈಟ್ ಎಂಬ ಕಡಿಮೆ ಶಕ್ತಿಯ ರೂಪ. ಫೈರ್‌ಫಾಕ್ಸಿನಲ್ಲಿ ಪೂರ್ಣ ರೂಪ ನಡೆಯುತ್ತದೆ. ಮನೆಯವರಿಗೆ ನಾನು ಫೈರ್‌ಫಾಕ್ಸ್ ಹಾಕಿಕೊಡುವುದಕ್ಕೆ ಇದೇ ಕಾರಣ. ವಿಂಡೋಸಿನಲ್ಲಿ ಹೇಗೂ ಇರುವ ಎಡ್ಜನ್ನು ಒಂದೂ ಎಕ್ಸ್‌ಟೆನ್ಶನ್ ಇಲ್ಲದಂತೆ, ಬ್ಯಾಂಕ್ ಮತ್ತು ತೆರಿಗೆಯ ಕೆಲಸಕ್ಕಷ್ಟೇ ಮೀಸಲಿಡುತ್ತೇನೆ. ದೇವರ ಮನೆಗೆ ಚಪ್ಪಲಿ ತರದ ಹಾಗೆ, ಆ ಬ್ರೌಸರಿಗೆ ಬೇರೆ ತಾಣ ತರಬಾರದೆಂದು ಹೇಳಿಟ್ಟಿದ್ದೇನೆ. ಹಿರಿಯರಿಗೆ ಈ ನಿಯಮ ಬೇಗ ರೂಢಿಯಾಗುತ್ತದೆ.

ವಿಳಾಸ ಓದುವುದನ್ನೂ ಕಲಿಸಬೇಕು. ಧಾರವಾಡ ಪೇಡೆ ಎಂದು ಬೋರ್ಡು ಹಾಕಿಕೊಂಡ ಅಂಗಡಿ ದಾವಣಗೆರೆಯಲ್ಲಿರಬಹುದು. ಊರು ಯಾವುದೆಂದು ತಿಳಿಯಲು ಅಂಚೆ ವಿಳಾಸದ ಕೊನೆ ನೋಡುತ್ತೇವೆ. ಜಾಲತಾಣದ್ದೂ ಹಾಗೆಯೇ. ಆರಂಭದ https:// ಬಿಟ್ಟು, ಆಮೇಲಿನ ಮೊದಲ ಓರೆಗೆರೆ ಬರುವ ಮುನ್ನ ಕಟ್ಟಕಡೆಯಲ್ಲಿ ಏನಿದೆಯೋ ಅದೇ ಅದರ ಊರು. ಮೊದಲಿಗೆ ನಿಮ್ಮ ಬ್ಯಾಂಕಿನ ಹೆಸರಿದ್ದು ಕೊನೆಗೆ ಇನ್ನಾವುದೋ ಇದ್ದರೆ ಅದು ಬ್ಯಾಂಕಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2025ರಲ್ಲಿ ನಮ್ಮ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ಸೂಚಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಆ ಕೊನೆ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಸಾಮಾನ್ಯರ ಕೈಗೆ ಸಿಕ್ಕ ಒಳ್ಳೆಯ ಗುರುತು ಇದು. ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ಬಳಸಿದರೆ ಇನ್ನೂ ಒಂದು ಲಾಭವಿದೆ. ಕಣ್ಣಿಗೆ ಮೋಸವಾದರೂ ಅದಕ್ಕೆ ಆಗುವುದಿಲ್ಲ, ವಿಳಾಸ ಬೇರೆಯಾದರೆ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ತುಂಬಲಿಲ್ಲವೆಂದು ಕೈಯಿಂದ ಹಾಕಲು ಹೋಗದೆ, ಏಕೆ ತುಂಬಲಿಲ್ಲವೆಂದು ವಿಳಾಸ ನೋಡಬೇಕು. ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟುವ ಮುನ್ನ ತಡೆಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು.

ಹಳೆಯ ಯಂತ್ರದ ಪ್ರಶ್ನೆ

2017ರ ಮೇ 12ರಂದು ಹರಡತೊಡಗಿದ ವಾನ್ನಾಕ್ರೈ ಎಂಬ ಹುಳು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬಂಧಿಸಿಟ್ಟು ಬಿಡುಗಡೆಗೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಬ್ಲಾಸ್ಟರ್ ಕಾಲದ ಕಥೆಯೇ ಹದಿನಾಲ್ಕು ವರ್ಷಗಳ ನಂತರ ಮರುಕಳಿಸಿತು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್‌ವರೆಗೆ ವಿಸ್ತರಿಸಲಾಯಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಪ್ಪಿದರೆ ಅದಕ್ಕೆ ಏರಿ. ಒಪ್ಪದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸುವುದು ಸರಿಯಾದ ದಾರಿ. ಬ್ರೌಸರ್ ಮತ್ತು ಕನ್ನಡ ಟೈಪಿಂಗ್ ಅಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಅಪ್‌ಡೇಟ್ ನಿಂತ ವಿಂಡೋಸ್ ಮೇಲೆ ದುಬಾರಿ ಆ್ಯಂಟಿವೈರಸ್ ಹಾಕುವುದು ಗೆದ್ದಲು ತಿಂದ ಬಾಗಿಲಿಗೆ ಹೊಸ ಬೀಗ ಕೊಂಡಂತೆ. ಯಾವ ದಾರಿ ಹಿಡಿದರೂ ಫೋಟೊ ಮತ್ತು ದಾಖಲೆಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕಿನಲ್ಲಿರಲಿ, ಪ್ರತಿ ಮಾಡಿದ ಮೇಲೆ ಅದರ ವೈರನ್ನು ಬಿಚ್ಚಿಡಿ. ಚುಚ್ಚಿಯೇ ಬಿಟ್ಟ ಹಾರ್ಡ್‌ಡಿಸ್ಕನ್ನೂ ವಾನ್ನಾಕ್ರೈನಂಥವು ಬಂಧಿಸಬಲ್ಲವು.

ಮಾವನ ಯಂತ್ರದಲ್ಲಿ ಅವಧಿ ಮುಗಿದ ಆ್ಯಂಟಿವೈರಸ್ಸನ್ನೂ ವೇಗ ಹೆಚ್ಚಿಸುವ ತಂತ್ರಾಂಶವನ್ನೂ ಅಂದೇ ತೆಗೆದೆ. ಅಪ್‌ಡೇಟ್ ಮುಗಿಯಲು ಮಧ್ಯಾಹ್ನದ ಊಟದವರೆಗೆ ಹಿಡಿಯಿತು. ಅಂಗಡಿಯವರು ಹಾಕಿದ್ದಕ್ಕೆ ಇನ್ನೂ ಐದು ತಿಂಗಳ ಅವಧಿ ಇತ್ತು. “ಹಣ ಕೊಟ್ಟಿದ್ದೇನಲ್ಲ, ಅದನ್ನೂ ತೆಗೆಯಬೇಕೇ?” ಎಂದು ಮಾವ ಕೇಳಿದರು. ಬೇಡ, ಒಂದೇ ಇದ್ದರೆ ತೊಂದರೆಯಿಲ್ಲ, ಇರಲಿ ಎಂದೆ. ತಾನಾಗಿ ನವೀಕರಣಗೊಂಡು ಕಾರ್ಡಿನಿಂದ ಹಣ ಕಡಿತವಾಗುವ ಏರ್ಪಾಡನ್ನು ಮಾತ್ರ ನಿಲ್ಲಿಸಿದೆ. ಅವಧಿ ಮುಗಿದ ದಿನ ಅದನ್ನು ತೆಗೆದುಹಾಕುವುದು ಹೇಗೆ, ಡಿಫೆಂಡರ್ ತಾನಾಗಿ ಎದ್ದಿತೇ ಎಂದು ಎಲ್ಲಿ ನೋಡಬೇಕು ಎಂಬುದನ್ನು ಅವರು ತಮ್ಮ ಡೈರಿಯ ಆ ದಿನಾಂಕದ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ.